ಮನೆಬಳಕೆಯ ವಿದ್ಯುತ್ ಕಾಫಿ ಗ್ರೈಂಡರ್: ಆಯ್ಕೆ, ಪರೀಕ್ಷೆ, ಮಾರಾಟ

ವರ್ತಕರಿಗೂ ಸಣ್ಣ ತಯಾರಕರಿಗೂ ಒಂದು ಅಭ್ಯಾಸ ಲೇಖನ

ಗೃಹೋಪಯೋಗಿ ವಸ್ತುಗಳ ಅಂಗಡಿಗೆ ಗ್ರಾಹಕರೊಬ್ಬರು ವಾರದ ಹಿಂದೆ ಕೊಂಡುಹೋದ ಕಾಫಿ ಗ್ರೈಂಡರನ್ನು ಹಿಂದಿರುಗಿಸಲು ಬರುತ್ತಾರೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವುದಿಲ್ಲ, ಇಳಿದದ್ದು ಕಹಿಯಾಗಿದ್ದರೂ ತೆಳುವಾಗಿರುತ್ತದೆ ಎಂಬುದು ಅವರ ದೂರು. ವರ್ತಕರು ಯಂತ್ರವನ್ನು ಚಾಲನೆ ಮಾಡಿ ನೋಡುತ್ತಾರೆ. ಮೋಟಾರು ಸರಿಯಾಗಿ ತಿರುಗುತ್ತದೆ, ಬೀಜ ಕ್ಷಣಾರ್ಧದಲ್ಲಿ ಪುಡಿಯಾಗುತ್ತದೆ, ಸ್ವಿಚ್ಚಿನಲ್ಲಿ ದೋಷವಿಲ್ಲ. ಯಂತ್ರ ಕೆಟ್ಟಿಲ್ಲವೆಂದು ಅವರು ವಾದಿಸುತ್ತಾರೆ. ಇಬ್ಬರ ಮಾತೂ ನಿಜವೇ. ಕೆಟ್ಟಿರುವುದು ಯಂತ್ರವಲ್ಲ, ಆಯ್ಕೆ. ಈ ಬಗೆಯ ವ್ಯವಹಾರದಲ್ಲಿ ವರ್ತಕರು ಒಂದು ಮಾರಾಟವನ್ನಷ್ಟೇ ಅಲ್ಲದೆ ಒಬ್ಬ ಗ್ರಾಹಕರನ್ನೂ ಕಳೆದುಕೊಳ್ಳುತ್ತಾರೆ.

ಭಾರತದ ಕಾಫಿ ಉತ್ಪಾದನೆಯಲ್ಲಿ ಸುಮಾರು ಶೇಕಡ 70ರಷ್ಟು ಕರ್ನಾಟಕದ್ದು. ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಗಳ ತೋಟಗಳಿಂದ ಬಂದ ಬೀಜವನ್ನು ಹುರಿದು, ಗ್ರಾಹಕರ ಕಣ್ಣೆದುರೇ ಬೀಸಿ, ಕೇಳಿದಷ್ಟು ಚಿಕೋರಿ ಬೆರೆಸಿ ಕೊಡುವ ಕಾಫಿಪುಡಿ ಅಂಗಡಿಗಳು ಬೆಂಗಳೂರು, ಮೈಸೂರುಗಳ ಬೀದಿಗಳಲ್ಲಿ ಬಹುಕಾಲದಿಂದ ಇವೆ. ಬೀಸುವ ಕೆಲಸ ಅಂಗಡಿಯದು, ಇಳಿಸುವ ಕೆಲಸ ಮನೆಯದು ಎಂಬುದೇ ರೂಢಿಯಾಗಿತ್ತು. 1990ರ ದಶಕದಲ್ಲಿ ಕಾಫಿ ಮಂಡಳಿಯ ಒಟ್ಟು ಖರೀದಿ ಪದ್ಧತಿ ಹಂತಹಂತವಾಗಿ ಕೊನೆಗೊಂಡು ಬೆಳೆಗಾರರಿಗೆ ಮುಕ್ತ ಮಾರಾಟದ ಅವಕಾಶ ದೊರೆತ ಮೇಲೆ ಹುರಿಯುವವರ ಸಂಖ್ಯೆ ಹೆಚ್ಚಿತು. ಈಗ ತೋಟದ ಹೆಸರು, ಹುರಿದ ದಿನಾಂಕಗಳನ್ನು ನಮೂದಿಸಿದ ಇಡೀ ಬೀಜದ ಪೊಟ್ಟಣಗಳು ಮನೆಗಳನ್ನು ತಲುಪುತ್ತಿವೆ. ಅವುಗಳ ಬೆನ್ನಿಗೆ ಮನೆಯಲ್ಲೇ ಬೀಸುವ ವಿದ್ಯುತ್ ಯಂತ್ರಕ್ಕೂ ಬೇಡಿಕೆ ಹುಟ್ಟಿದೆ. ಈ ಯಂತ್ರವನ್ನು ಮಾರುವವರೂ ತಯಾರಿಸಬಯಸುವವರೂ ಅರಿಯಬೇಕಾದ ಮೂಲಸೂತ್ರ ಒಂದೇ: ಗ್ರಾಹಕರು ಹಣ ಕೊಡುವುದು ಬೀಜವನ್ನು ಒಡೆಯುವ ಶಕ್ತಿಗಲ್ಲ, ಒಂದೇ ಗಾತ್ರದ ಪುಡಿಗೆ.

ಅರೆಯುವುದರ ಉದ್ದೇಶ

ಹುರಿದ ಕಾಫಿ ಬೀಜದಲ್ಲಿ ನೀರಿಗೆ ಕರಗಿ ಬರಬಲ್ಲ ಅಂಶ ಒಂದು ಮಿತಿಯಷ್ಟೇ ಇರುತ್ತದೆ. ಪುಡಿಯ ತೂಕದಲ್ಲಿ ಸುಮಾರು ಶೇಕಡ 18ರಿಂದ 22ರಷ್ಟು ನೀರಿಗೆ ಇಳಿದರೆ ರುಚಿ ಹದವಾಗಿರುತ್ತದೆಂಬುದು ಈ ಉದ್ಯಮದಲ್ಲಿ ಬಹುಕಾಲದಿಂದ ಅಂಗೀಕೃತವಾದ ಅಳತೆ. ಅದಕ್ಕಿಂತ ಕಡಿಮೆಯಾದರೆ ಕಾಫಿ ತೆಳುವಾಗಿ ಹುಳಿಯಾಗುತ್ತದೆ. ಹೆಚ್ಚಾದರೆ ಕಹಿಯೂ ಒಗರೂ ಇಳಿಯುತ್ತವೆ.

ಎಷ್ಟು ಇಳಿಯಬೇಕೆಂಬುದನ್ನು ನೀರಿನ ಬಿಸಿ, ನೀರು ಪುಡಿಯೊಂದಿಗೆ ಇರುವ ಅವಧಿ ಹಾಗೂ ಪುಡಿಯ ಮೇಲ್ಮೈ ವಿಸ್ತೀರ್ಣಗಳು ನಿರ್ಧರಿಸುತ್ತವೆ. ಇವುಗಳಲ್ಲಿ ಮೂರನೆಯದು ಗ್ರೈಂಡರಿನ ಕೆಲಸ. ಒಂದು ಸೆಂಟಿಮೀಟರ್ ಅಂಚಿನ ಘನವೊಂದರ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದು ಮಿಲಿಮೀಟರಿನ ಸಾವಿರ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 60 ಚದರ ಸೆಂಟಿಮೀಟರ್ ಆಗುತ್ತದೆ. ಗಾತ್ರ ಹತ್ತರಲ್ಲಿ ಒಂದಾದಾಗ ನೀರು ಮುಟ್ಟುವ ಜಾಗ ಹತ್ತುಪಟ್ಟಾಯಿತು. ಹೀಗಾಗಿ ಒಂದೇ ಪಾತ್ರೆಯಲ್ಲಿ ದಪ್ಪ ತರಿಯೂ ಹಿಟ್ಟಿನಂಥ ಧೂಳೂ ಸೇರಿದ್ದರೆ, ಧೂಳಿನಿಂದ ಕಹಿ ಇಳಿಯುವಷ್ಟರಲ್ಲಿ ತರಿಯ ಒಳಭಾಗಕ್ಕೆ ನೀರು ಇನ್ನೂ ತಲುಪಿರುವುದಿಲ್ಲ. ಮೇಲಾಗಿ ಧೂಳು ಫಿಲ್ಟರಿನ ರಂಧ್ರಗಳಲ್ಲಿ ಕುಳಿತು ಹರಿವನ್ನು ತಡೆಯುತ್ತದೆ. ಅಂಗಡಿಗೆ ಬಂದ ಗ್ರಾಹಕರ ದೂರು, ಅಂದರೆ ಇಳಿಯುವುದಿಲ್ಲ, ಇಳಿದದ್ದು ಕಹಿ, ಆದರೂ ತೆಳು ಎಂಬುದು, ಈ ಮಿಶ್ರ ಗಾತ್ರದ ನೇರ ಫಲ.

ಕತ್ತರಿಸುವ ಯಂತ್ರ, ಬೀಸುವ ಯಂತ್ರ

ಮಾರುಕಟ್ಟೆಯಲ್ಲಿ ಕಾಫಿ ಗ್ರೈಂಡರ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆಬೇರೆ ಯಂತ್ರಗಳು ಮಾರಾಟವಾಗುತ್ತಿವೆ.

ಮೊದಲನೆಯದು ಬ್ಲೇಡ್ ಗ್ರೈಂಡರ್. ಇದು ಮಿಕ್ಸಿಯ ಚಿಕ್ಕ ತಮ್ಮ. ಬಟ್ಟಲಿನ ತಳದಲ್ಲಿ ಅಲಗೊಂದು ನಿಮಿಷಕ್ಕೆ ಹಲವು ಸಾವಿರ ಸುತ್ತು ತಿರುಗುತ್ತ ಎದುರು ಸಿಕ್ಕ ಬೀಜವನ್ನು ಹೊಡೆದು ಒಡೆಯುತ್ತದೆ. ಅಲಗಿಗೆ ಸಿಕ್ಕಿದ್ದು ಮತ್ತೆ ಮತ್ತೆ ಸಿಕ್ಕಿ ಹಿಟ್ಟಾಗುತ್ತದೆ, ಸಿಗದದ್ದು ತರಿಯಾಗಿ ಉಳಿಯುತ್ತದೆ. ಇಲ್ಲಿ ಗಾತ್ರವನ್ನು ನಿಯಂತ್ರಿಸುವ ಸಾಧನವೇ ಇಲ್ಲ. ಬಳಕೆದಾರರ ಕೈಯಲ್ಲಿರುವುದು ಸಮಯವೊಂದೇ. ಬಿಟ್ಟು ಬಿಟ್ಟು ಒತ್ತುವುದು, ನಡುನಡುವೆ ಬಟ್ಟಲನ್ನು ಅಲ್ಲಾಡಿಸುವುದು, ಕೊನೆಗೆ ಜರಡಿ ಹಿಡಿಯುವುದು ಇವುಗಳಿಂದ ಫಲ ಸ್ವಲ್ಪ ಸುಧಾರಿಸಬಹುದು. ದೋಷ ಮಾತ್ರ ಪೂರ್ತಿ ನಿವಾರಣೆಯಾಗದು. ಮಸಾಲೆ ಪದಾರ್ಥ ಪುಡಿಮಾಡಲು ಈ ಯಂತ್ರ ಸಾಕು.

ಎರಡನೆಯದು ಬರ್ ಗ್ರೈಂಡರ್. ಹಲ್ಲುಗಳುಳ್ಳ ಎರಡು ಬಿಲ್ಲೆಗಳ ನಡುವೆ ಬೀಜ ಹಾದುಹೋಗುತ್ತದೆ. ಒಂದು ಬಿಲ್ಲೆ ಸ್ಥಿರ, ಇನ್ನೊಂದು ತಿರುಗುತ್ತದೆ. ನಡುವಿನ ಸಂದಿಗಿಂತ ದಪ್ಪವಾದ ಚೂರು ಹೊರಬರಲಾರದು, ಸಣ್ಣದಾದೊಡನೆ ಹೊರಬೀಳುತ್ತದೆ. ಇದು ಮನೆಮನೆಯಲ್ಲಿದ್ದ ಬೀಸುವ ಕಲ್ಲಿನ ತತ್ತ್ವವೇ. ಬಿಲ್ಲೆಗಳು ಚಪ್ಪಟೆಯಾಗಿದ್ದರೆ ಫ್ಲ್ಯಾಟ್ ಬರ್, ಶಂಕುವಿನಾಕಾರದಲ್ಲಿದ್ದರೆ ಕೋನಿಕಲ್ ಬರ್. ಒಳ್ಳೆಯ ಬರ್ ಗ್ರೈಂಡರಿನಲ್ಲೂ ಸ್ವಲ್ಪ ಧೂಳು ಉಂಟಾಗುವುದು ಸಹಜ. ಹುರಿದ ಬೀಜ ಪೆಡಸು ವಸ್ತುವಾದುದರಿಂದ ಒಡೆಯುವಾಗ ಸಿಡಿಯುತ್ತದೆ. ವ್ಯತ್ಯಾಸವಿರುವುದು ಪ್ರಮಾಣದಲ್ಲಿ.

ಈ ಎರಡರ ಬೆಲೆಯಲ್ಲಿ ಹಲವು ಪಟ್ಟು ಅಂತರವಿರುವುದರಿಂದ, ವ್ಯತ್ಯಾಸವನ್ನು ತಿಳಿಸದೆ ಅಗ್ಗದ್ದನ್ನು ಕೊಟ್ಟು ಕಳುಹಿಸುವುದು ಸುಲಭ. ಹಿಂದಿರುಗಿ ಬರುವ ಯಂತ್ರಗಳ ಮೂಲ ಇಲ್ಲಿಯೇ ಇದೆ.

ಯಾವ ಪಾತ್ರೆಗೆ ಯಾವ ಹದ

ಗ್ರಾಹಕರು ಗ್ರೈಂಡರ್ ಕೇಳಿದಾಗ ವರ್ತಕರು ಮೊದಲು ಕೇಳಬೇಕಾದ ಪ್ರಶ್ನೆ ಬೆಲೆಯದಲ್ಲ. ಮನೆಯಲ್ಲಿ ಕಾಫಿ ಇಳಿಸುವ ಪಾತ್ರೆ ಯಾವುದು ಎಂಬುದು. ನೀರು ಪುಡಿಯೊಂದಿಗೆ ಕಡಿಮೆ ಹೊತ್ತು ಇರುವ ವಿಧಾನಕ್ಕೆ ಪುಡಿ ನುಣ್ಣಗಿರಬೇಕು, ಹೆಚ್ಚು ಹೊತ್ತು ನೆನೆಯುವ ವಿಧಾನಕ್ಕೆ ದಪ್ಪವಿರಬೇಕೆಂಬುದು ಸಾಮಾನ್ಯ ನಿಯಮ. ಅಡುಗೆಮನೆಯ ಪರಿಚಿತ ಹದಗಳೊಂದಿಗೆ ಹೋಲಿಸಿ ಹೇಳಿದರೆ ಗ್ರಾಹಕರಿಗೆ ಬೇಗ ಅರ್ಥವಾಗುತ್ತದೆ. ಮುಂದಿನ ಅಳತೆಗಳು ಸ್ಥೂಲವಾದವು.

1. ಎಸ್ಪ್ರೆಸೊ ಯಂತ್ರ: ಸುಮಾರು 200ರಿಂದ 400 ಮೈಕ್ರಾನ್. ಮೈದಾಕ್ಕಿಂತ ಒರಟು, ಚಿರೋಟಿ ರವೆಗಿಂತ ನುಣುಪು. ಒತ್ತಡದ ನೀರು 25ರಿಂದ 30 ಸೆಕೆಂಡಿನಲ್ಲಿ ಹಾದುಹೋಗಬೇಕು. ಹದದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಈ ಅವಧಿ ಏರುಪೇರಾಗುತ್ತದೆ.

2. ದಕ್ಷಿಣ ಭಾರತದ ಫಿಲ್ಟರ್: ಎಸ್ಪ್ರೆಸೊಗಿಂತ ಕೊಂಚ ದಪ್ಪ. ಬೆರಳುಗಳ ನಡುವೆ ಉಜ್ಜಿದರೆ ಚಿರೋಟಿ ರವೆಯಂತಿರಬೇಕು. ಇಲ್ಲಿ ಒತ್ತಡವಿಲ್ಲ. ನೀರು ತನ್ನ ಭಾರದಿಂದಲೇ 15-20 ನಿಮಿಷ ತೆಗೆದುಕೊಂಡು ಇಳಿಯುತ್ತದೆ.

3. ಒಲೆಯ ಮೇಲಿಡುವ ಮೋಕಾ ಪಾತ್ರೆ: ಹೆಚ್ಚುಕಡಿಮೆ ಫಿಲ್ಟರಿನ ಹದವೇ.

4. ಕಾಗದದ ಫಿಲ್ಟರ್: ಸುಮಾರು 600ರಿಂದ 900 ಮೈಕ್ರಾನ್. ಉಪ್ಪಿಟ್ಟಿನ ರವೆಯ ಹದ. ಅವಧಿ 3-4 ನಿಮಿಷ.

5. ಫ್ರೆಂಚ್ ಪ್ರೆಸ್: ಸುಮಾರು 1000 ಮೈಕ್ರಾನ್ ಅಥವಾ ಇನ್ನೂ ದಪ್ಪ. ಇಡ್ಲಿ ರವೆಯ ಹದ. ನಾಲ್ಕು ನಿಮಿಷ ನೆನೆಯಬೇಕು.

ಒಂದೇ ಗ್ರೈಂಡರ್ ಈ ಐದನ್ನೂ ಸಮನಾಗಿ ನಿಭಾಯಿಸುತ್ತದೆಂಬ ಭರವಸೆಯನ್ನು ವರ್ತಕರು ಸುಲಭವಾಗಿ ಕೊಡಬಾರದು. ಅಮೆರಿಕದ ಫೆಲೊ ಸಂಸ್ಥೆ 2020ರಲ್ಲಿ ಹೊರತಂದ ಓಡ್ ಎಂಬ ಗ್ರೈಂಡರಿಗೆ 64 ಮಿಲಿಮೀಟರಿನ ದೊಡ್ಡ ಚಪ್ಪಟೆ ಬಿಲ್ಲೆಗಳಿದ್ದರೂ, ಅದು ಎಸ್ಪ್ರೆಸೊಗೆ ಅಲ್ಲವೆಂದು ತಯಾರಕರೇ ಹೇಳಿ ಮಾರಿದರು. ಇಲ್ಲದ ಗುಣವನ್ನು ಇಲ್ಲವೆಂದು ಹೇಳುವುದು ವ್ಯಾಪಾರಕ್ಕೆ ನಷ್ಟವಲ್ಲ ಎಂಬುದಕ್ಕೆ ಇದು ನಿದರ್ಶನ.

ವ್ಯಾಟ್ ಮತ್ತು ವೇಗದ ಭ್ರಮೆ

ಮಿಕ್ಸಿ ಕೊಳ್ಳುವಾಗ ವ್ಯಾಟ್ ಕೇಳುವ ಅಭ್ಯಾಸ ಗ್ರಾಹಕರಲ್ಲಿ ಬಲವಾಗಿ ಬೇರೂರಿದೆ. ಕಾಫಿ ಗ್ರೈಂಡರಿನ ವಿಷಯದಲ್ಲಿ ಅದು ದಾರಿ ತಪ್ಪಿಸುವ ಪ್ರಶ್ನೆ. ಬೀಸುವ ಯಂತ್ರಕ್ಕೆ ಬೇಕಾದುದು ವೇಗವಲ್ಲ, ತಿರುಚುವ ಬಲ, ಎಂದರೆ ಟಾರ್ಕ್.

ಒಂದು ಸರಳ ಲೆಕ್ಕವನ್ನು ಗಮನಿಸಬಹುದು. 500 ವ್ಯಾಟಿನ ಮೋಟಾರು ನಿಮಿಷಕ್ಕೆ 18,000 ಸುತ್ತು ತಿರುಗುವಾಗ, ನಷ್ಟಗಳನ್ನು ಬಿಟ್ಟು ಲೆಕ್ಕ ಹಾಕಿದರೆ, ಅದರ ಟಾರ್ಕ್ ಸುಮಾರು 0.27 ನ್ಯೂಟನ್-ಮೀಟರ್. 100 ವ್ಯಾಟಿನ ಮೋಟಾರು ಹಲ್ಲುಚಕ್ರಗಳ ಮೂಲಕ ನಿಮಿಷಕ್ಕೆ 500 ಸುತ್ತು ತಿರುಗಿದರೆ ಟಾರ್ಕ್ ಸುಮಾರು 1.9 ನ್ಯೂಟನ್-ಮೀಟರ್. ಐದನೇ ಒಂದು ಭಾಗ ಶಕ್ತಿಯ ಮೋಟಾರು ಏಳುಪಟ್ಟು ಬಲದಿಂದ ಬೀಜವನ್ನು ಅರೆಯುತ್ತದೆ. ಕೋನಿಕಲ್ ಬರ್ ಉಳ್ಳ ಮನೆಬಳಕೆಯ ಯಂತ್ರಗಳು ಸಾಮಾನ್ಯವಾಗಿ ಈ ಕಡಿಮೆ ವೇಗದ ವರ್ಗಕ್ಕೆ ಸೇರಿದವು. ಚಪ್ಪಟೆ ಬಿಲ್ಲೆಗೆ ಮೋಟಾರನ್ನು ನೇರವಾಗಿ ಜೋಡಿಸಿದ ಯಂತ್ರಗಳು ನಿಮಿಷಕ್ಕೆ ಸುಮಾರು 1,400 ಸುತ್ತು ತಿರುಗುವುದುಂಟು. ಅದು ನಾಲ್ಕು ಧ್ರುವಗಳ ಇಂಡಕ್ಷನ್ ಮೋಟಾರು 50 ಹರ್ಟ್ಸ್ ವಿದ್ಯುತ್ತಿನಲ್ಲಿ ಓಡುವ ವೇಗ.

ವಿದ್ಯುತ್ ಬಿಲ್ಲಿನ ಚಿಂತೆಯೂ ಅನಗತ್ಯ. 150 ವ್ಯಾಟಿನ ಗ್ರೈಂಡರ್ ದಿನಕ್ಕೆ ಒಂದು ನಿಮಿಷ ಓಡಿದರೆ ವರ್ಷಕ್ಕೆ ಸುಮಾರು 0.9 ಯೂನಿಟ್ ಖರ್ಚಾಗುತ್ತದೆ.

ವಿದೇಶದಿಂದ ಬಂಧುಗಳು ತಂದುಕೊಟ್ಟ ಯಂತ್ರಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಅಮೆರಿಕದ ಯಂತ್ರಗಳು 120 ವೋಲ್ಟ್, 60 ಹರ್ಟ್ಸಿಗೆ ತಯಾರಾದವು. ಇಲ್ಲಿನ ಪೂರೈಕೆ 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಬಳಸಿದರೆ ವೋಲ್ಟೇಜ್ ಸರಿಹೋದೀತು, ಆವರ್ತನ ಬದಲಾಗದು. ಇಂಡಕ್ಷನ್ ಮೋಟಾರಿನ ವೇಗ ಆರನೇ ಒಂದು ಭಾಗ ಕುಗ್ಗುತ್ತದೆ.

ಬಿಲ್ಲೆ, ಬೇರಿಂಗ್, ಹೊಂದಾಣಿಕೆ

ಫ್ರಾನ್ಸಿನ ಪ್ಯೂಜೊ ಕುಟುಂಬದ ಕಾರ್ಖಾನೆ ಗರಗಸದ ಅಲಗುಗಳಿಗೆ ಹೆಸರಾಗಿತ್ತು. ಅದು ಮೋಟಾರು ಕಾರು ತಯಾರಿಸುವುದಕ್ಕೆ ಸುಮಾರು ಅರ್ಧ ಶತಮಾನ ಮೊದಲೇ, 1840ರಲ್ಲಿ, ಕಾಫಿ ಬೀಸುವ ಕೈಯಂತ್ರವನ್ನು ಹೊರತಂದಿತು. ಉಕ್ಕಿಗೆ ಹಲ್ಲು ಕೊರೆದು ಹದಗೊಳಿಸುವ ವಿದ್ಯೆ ಬಲ್ಲವರಿಗೆ ಕಾಫಿ ಗಿರಣಿ ಸಹಜ ಉತ್ಪನ್ನವಾಯಿತು. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸಣ್ಣ ತಯಾರಕರಿಗೂ ಈ ಮಾತು ಅನ್ವಯಿಸುತ್ತದೆ.

ಬರ್ ಗ್ರೈಂಡರಿನ ಗುಣಮಟ್ಟ ಮುಖ್ಯವಾಗಿ ಮೂರು ಅಂಶಗಳನ್ನು ಅವಲಂಬಿಸಿದೆ.

ಮೊದಲನೆಯದು ಬಿಲ್ಲೆ. ಹದಗೊಳಿಸಿದ ಉಕ್ಕಿನ ಬಿಲ್ಲೆಯ ಹಲ್ಲು ಹರಿತವಾಗಿರುತ್ತದೆ ಹಾಗೂ ಪೆಟ್ಟನ್ನು ತಾಳಿಕೊಳ್ಳುತ್ತದೆ. ಸೆರಾಮಿಕ್ ಬಿಲ್ಲೆ ತುಕ್ಕು ಹಿಡಿಯದು, ನಿಧಾನವಾಗಿ ಸವೆಯುತ್ತದೆ. ಆದರೆ ಬೀಜದೊಡನೆ ಚಿಕ್ಕ ಕಲ್ಲು ಸಿಕ್ಕರೆ ಚಕ್ಕೆ ಏಳಬಹುದು. ಕಣದಲ್ಲಿ ಒಣಗಿದ ಬೀಜದಲ್ಲಿ ಆಗೊಮ್ಮೆ ಈಗೊಮ್ಮೆ ಕಲ್ಲಿರುವುದು ಅಸಂಭವವಲ್ಲ. ಆದಕಾರಣ ಬೀಜವನ್ನು ತಟ್ಟೆಯಲ್ಲಿ ಹರಡಿ ನೋಡಿ ಹಾಕುವಂತೆ ಗ್ರಾಹಕರಿಗೆ ತಿಳಿಸತಕ್ಕದ್ದು.

ಎರಡನೆಯದು ಬಿಲ್ಲೆಗಳ ಸಮಾಂತರತೆ. ಚಪ್ಪಟೆ ಬಿಲ್ಲೆಗಳ ನಡುವೆ 300 ಮೈಕ್ರಾನ್ ಸಂದಿ ಇಟ್ಟಿರುವಾಗ ಒಂದು ಬಿಲ್ಲೆ ಅಂಚಿನಿಂದ ಅಂಚಿಗೆ 100 ಮೈಕ್ರಾನ್ ಓರೆಯಾಗಿದ್ದರೆ, ಸಂದಿ ಒಂದು ಕಡೆ 250, ಇನ್ನೊಂದು ಕಡೆ 350 ಆಗುತ್ತದೆ. ಬಿಲ್ಲೆ ಎಷ್ಟೇ ಉತ್ತಮವಾಗಿದ್ದರೂ ಪುಡಿ ಮಿಶ್ರವಾಗುತ್ತದೆ. ಗ್ರಾಹಕರ ಕಣ್ಣಿಗೆ ಬೀಳದ ಬೇರಿಂಗ್, ಶಾಫ್ಟ್, ಬಿಲ್ಲೆ ಕೂರುವ ಪೀಠಗಳಲ್ಲಿ ಮಾಡಿದ ಉಳಿತಾಯ ಕಪ್ಪಿನಲ್ಲಿ ಗೋಚರಿಸುವುದು ಹೀಗೆ.

ಮೂರನೆಯದು ಹೊಂದಾಣಿಕೆಯ ಏರ್ಪಾಟು. ಸಂದಿಯನ್ನು ಬದಲಿಸುವ ತಿರುಪಿನ ಪಿಚ್ 1.5 ಮಿಲಿಮೀಟರ್ ಇದ್ದು ಉಂಗುರದ ಮೇಲೆ 60 ಗೆರೆಗಳಿದ್ದರೆ, ಗೆರೆಯೊಂದಕ್ಕೆ ಬಿಲ್ಲೆ 25 ಮೈಕ್ರಾನ್ ಸರಿಯುತ್ತದೆ. ಶಂಕುವಿನಾಕಾರದ ಬಿಲ್ಲೆಯಲ್ಲಿ ಇಳಿಜಾರಿನ ಕಾರಣ ಸಂದಿಯ ಬದಲಾವಣೆ ಇದಕ್ಕಿಂತಲೂ ಕಡಿಮೆ. ಫಿಲ್ಟರ್ ಕಾಫಿಗೆ ಇಷ್ಟು ಸೂಕ್ಷ್ಮತೆ ಸಾಕು. ಎಸ್ಪ್ರೆಸೊಗೆ ಇನ್ನೂ ಸೂಕ್ಷ್ಮವಾದ ಅಥವಾ ಮೆಟ್ಟಿಲುಗಳಿಲ್ಲದ ಹೊಂದಾಣಿಕೆ ಅಪೇಕ್ಷಣೀಯ. ಪೆಟ್ಟಿಗೆಯ ಮೇಲೆ ಮುದ್ರಿಸಿದ ಹಂತಗಳ ಸಂಖ್ಯೆಯೊಂದೇ ಏನನ್ನೂ ಹೇಳದು. ಆ ಹಂತಗಳಲ್ಲಿ ಎಷ್ಟು ತನ್ನ ಪಾತ್ರೆಗೆ ಬೇಕಾದ ವ್ಯಾಪ್ತಿಯೊಳಗೆ ಬರುತ್ತವೆ ಎಂಬುದೇ ಗ್ರಾಹಕರ ನಿಜವಾದ ಪ್ರಶ್ನೆ.

ಜರಡಿ ಪರೀಕ್ಷೆ

ತಯಾರಕರ ಪ್ರಚಾರವನ್ನು ನಂಬಿ ದಾಸ್ತಾನು ಮಾಡುವ ಬದಲು ಒಂದು ಯಂತ್ರವನ್ನು ತರಿಸಿ ಪರೀಕ್ಷಿಸುವುದು ಲೇಸು. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಐಎಸ್ 460 ಮಾನಕದ ಪರೀಕ್ಷಾ ಜರಡಿಗಳು ಎರಡು, 850 ಮತ್ತು 300 ಮೈಕ್ರಾನಿನವು, ಹಾಗೂ ಗ್ರಾಮಿನ ಹತ್ತನೇ ಒಂದು ಭಾಗ ತೋರುವ ತಕ್ಕಡಿ ಸಾಕು. ಎರಕದ ಮರಳನ್ನು ಪರೀಕ್ಷಿಸುವ ಘಟಕಗಳಿಗೆ ಈ ಜರಡಿಗಳು ಹೊಸವಲ್ಲ.

ವಿಧಾನ ಹೀಗಿದೆ. ಫಿಲ್ಟರಿನ ಹದಕ್ಕೆ ಯಂತ್ರವನ್ನು ಹೊಂದಿಸಿ 50 ಗ್ರಾಂ ಬೀಜ ಬೀಸಬೇಕು. ದಪ್ಪ ಜರಡಿಯನ್ನು ಮೇಲೆ, ಸಣ್ಣದನ್ನು ಕೆಳಗೆ, ತಟ್ಟೆಯನ್ನು ಎಲ್ಲಕ್ಕಿಂತ ಕೆಳಗೆ ಇಟ್ಟು ಐದು ನಿಮಿಷ ಒಂದೇ ಸಮನೆ ಅಲ್ಲಾಡಿಸಿ, ಮೂರು ಭಾಗಗಳನ್ನೂ ತೂಗಬೇಕು. ಹೋಲಿಸುವ ಯಂತ್ರಗಳಿಗೆಲ್ಲ ಒಂದೇ ದಿನ ಹುರಿದ ಒಂದೇ ಬೀಜವನ್ನು ಬಳಸತಕ್ಕದ್ದು.

ಲೆಕ್ಕದ ರೀತಿಯನ್ನು ತೋರಿಸಲು ಒಂದು ಕಲ್ಪಿತ ಉದಾಹರಣೆ: ಮೊದಲ ಯಂತ್ರದಲ್ಲಿ ಮೇಲಿನ ಜರಡಿಯಲ್ಲಿ 14 ಗ್ರಾಂ, ನಡುವೆ 22 ಗ್ರಾಂ, ತಟ್ಟೆಯಲ್ಲಿ 14 ಗ್ರಾಂ ದೊರೆತಿದೆ. ಎರಡನೆಯದರಲ್ಲಿ ಕ್ರಮವಾಗಿ 4, 39 ಮತ್ತು 7 ಗ್ರಾಂ. ನಡುವಿನ ಭಾಗ ಮೊದಲನೆಯದರಲ್ಲಿ ಶೇಕಡ 44, ಎರಡನೆಯದರಲ್ಲಿ ಶೇಕಡ 78. ಬೀಜದ ಬೆಲೆ ಎರಡಕ್ಕೂ ಒಂದೇ. ಮೊದಲ ಯಂತ್ರದ ಬಳಕೆದಾರರು ಕೊಂಡ ಬೀಜದಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪು ಗಾತ್ರದ್ದಾಗುತ್ತಿದೆ ಎಂದಾಯಿತು.

ದಿನಕ್ಕೆ 40 ಗ್ರಾಂ ಬಳಸುವ ಮನೆಯಲ್ಲಿ ವರ್ಷಕ್ಕೆ 14.6 ಕಿಲೋ, ಐದು ವರ್ಷಕ್ಕೆ 73 ಕಿಲೋ ಕಾಫಿ ಖರ್ಚಾಗುತ್ತದೆ. ಯಂತ್ರದ ಬೆಲೆಯನ್ನು ಈ 73 ಕಿಲೋಗಳಿಗೆ ಹಂಚಿ ನೋಡಿದರೆ, ಕಿಲೋ ಒಂದಕ್ಕೆ ಬೀಳುವ ಹೊರೆ ಎಷ್ಟೆಂದು ಗ್ರಾಹಕರಿಗೆ ತಿಳಿಯುತ್ತದೆ. ಇದು ರಿಯಾಯಿತಿಯ ಮಾತಿಗಿಂತ ಹೆಚ್ಚು ಮನವೊಲಿಸುವ ಲೆಕ್ಕ.

ಜರಡಿ ಇಲ್ಲದವರು ಫಿಲ್ಟರನ್ನೇ ಮಾಪಕವಾಗಿ ಬಳಸಬಹುದು. ಒಂದೇ ಫಿಲ್ಟರಿಗೆ ಅಷ್ಟೇ ತೂಕದ ಪುಡಿ, ಅಷ್ಟೇ ಬಿಸಿನೀರು ಹಾಕಿ ಮೂರು ಸಲ ಇಳಿಸಿ ಗಡಿಯಾರ ನೋಡಬೇಕು. ಮೂರು ಸಲವೂ ಅವಧಿ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಯಂತ್ರ ನಂಬಿಕೆಗೆ ಅರ್ಹ. ಒಮ್ಮೆ ಹತ್ತು ನಿಮಿಷ, ಮತ್ತೊಮ್ಮೆ ನಲವತ್ತು ನಿಮಿಷವಾದರೆ ಬೆಲೆ ಎಷ್ಟೇ ಆಕರ್ಷಕವಾಗಿದ್ದರೂ ದಾಸ್ತಾನು ಮಾಡದಿರುವುದು ಒಳಿತು.

ಉಳಿಕೆ, ಸ್ಥಾಯೀ ವಿದ್ಯುತ್ತು, ಚಿಕೋರಿ

ಬೀಸಿದ ಮೇಲೆ ಯಂತ್ರದೊಳಗೆ ಸ್ವಲ್ಪ ಪುಡಿ ಉಳಿದು ಮರುದಿನದ ಪುಡಿಯೊಂದಿಗೆ ಬೆರೆಯುತ್ತದೆ. ಮನೆಯಲ್ಲಿ ಬೀಸುವುದರ ಲಾಭವೇ ತಾಜಾತನವಾದುದರಿಂದ ಈ ಉಳಿಕೆ ಕಡಿಮೆಯಿದ್ದಷ್ಟೂ ಮೇಲು. 20 ಗ್ರಾಂ ಬೀಜ ಹಾಕಿ ಹೊರಬಂದ ಪುಡಿಯನ್ನು ತೂಗಿದರೆ ಉಳಿಕೆಯ ಪ್ರಮಾಣ ತಿಳಿಯುತ್ತದೆ.

ಪುಡಿ ಹಾರಿ ಬಟ್ಟಲಿಗೂ ಬಾಯಿಗೂ ಅಂಟಿಕೊಳ್ಳುವುದು ಇನ್ನೊಂದು ಸಾಮಾನ್ಯ ದೂರು. ಉಜ್ಜಾಟದಿಂದ ಉಂಟಾಗುವ ಸ್ಥಾಯೀ ವಿದ್ಯುತ್ತು ಇದಕ್ಕೆ ಕಾರಣ. ಬೀಸುವ ಮುನ್ನ ಬೀಜಕ್ಕೆ ಕೊಂಚ ನೀರು ತಾಕಿಸಿದರೆ ಈ ವಿದ್ಯುತ್ತೂ ಪುಡಿ ಗಂಟುಗಟ್ಟುವುದೂ ಕಡಿಮೆಯಾಗುತ್ತವೆಂದು ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು ಭಾಗವಹಿಸಿದ, 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಒದ್ದೆ ಚಮಚದ ಹಿಡಿಯಿಂದ ಒಮ್ಮೆ ಕಲಕಿದರೆ ಸಾಕು. ಕರಾವಳಿ ಹಾಗೂ ಮಲೆನಾಡಿನ ಮಳೆಗಾಲದಲ್ಲಿ ಸಮಸ್ಯೆ ಬೇರೆಯದು. ಅಲ್ಲಿ ತೇವದಿಂದ ಪುಡಿ ಗಟ್ಟಿಯಾಗುವುದನ್ನೂ ಉಕ್ಕಿನ ಬಿಲ್ಲೆ ತುಕ್ಕು ಹಿಡಿಯುವುದನ್ನೂ ತಡೆಯಲು ಒಣ ಕುಂಚದಿಂದ ಆಗಾಗ್ಗೆ ಶುಚಿಮಾಡಬೇಕು. ಬಿಲ್ಲೆಯನ್ನು ನೀರಿನಲ್ಲಿ ತೊಳೆಯಕೂಡದು.

ಕರ್ನಾಟಕದ ಮನೆಗಳಲ್ಲಿ ಚಿಕೋರಿಯ ಪ್ರಶ್ನೆ ಬಂದೇ ಬರುತ್ತದೆ. ಹುರಿದ ಚಿಕೋರಿ ತೇವವನ್ನು ಹೀರಿ ಅಂಟಾಗುವ ವಸ್ತು. ಅದನ್ನು ಬೀಜದೊಂದಿಗೆ ಗ್ರೈಂಡರಿಗೆ ಹಾಕದೆ, ಪುಡಿಯಾಗಿಯೇ ಕೊಂಡು ಬೀಸಿದ ಕಾಫಿಗೆ ಬೆರೆಸುವುದು ಸರಿಯಾದ ಕ್ರಮ. 80:20ರ ಮಿಶ್ರಣಕ್ಕೆ 32 ಗ್ರಾಂ ಕಾಫಿಗೆ 8 ಗ್ರಾಂ ಚಿಕೋರಿ. ಚಿಕೋರಿ ನೀರನ್ನು ಹಿಡಿದಿಟ್ಟು ನಿಧಾನವಾಗಿ ಇಳಿಸುತ್ತದೆ. ಚಿಕೋರಿ ಬೇಡವೆನ್ನುವವರು ಪುಡಿಯನ್ನು ಒಂದು ಹಂತ ನುಣ್ಣಗೆ ಮಾಡಿಕೊಳ್ಳಬೇಕಾದೀತು. ಮಿಶ್ರಣವನ್ನು ಪೊಟ್ಟಣ ಕಟ್ಟಿ ಮಾರುವವರಿಗೆ ಕಾಫಿ ಅಂಶ ಶೇಕಡ 51ಕ್ಕಿಂತ ಕಡಿಮೆಯಿರಬಾರದೆಂಬ ಆಹಾರ ಸುರಕ್ಷತಾ ನಿಯಮ ತಿಳಿದೇ ಇದೆ. ಮನೆಯಲ್ಲಿ ಬೀಸುವವರಿಗಾಗಿ ಹುರಿದ ಬೀಜ, ಚಿಕೋರಿ ಪುಡಿಗಳನ್ನು ಬೇರೆಬೇರೆಯಾಗಿ ಇಡುವುದು ಕಾಫಿಪುಡಿ ಅಂಗಡಿಗಳಿಗೆ ಹೊಸ ಮಾರಾಟದ ದಾರಿಯಾಗಬಲ್ಲದು.

ಸುರಕ್ಷತೆ, ಕಾನೂನು, ಬಿಡಿಭಾಗ

ಮನೆಬಳಕೆಯ ವಿದ್ಯುತ್ ಉಪಕರಣಗಳ ಸುರಕ್ಷತೆಗೆ ಐಎಸ್ 302 ಸರಣಿಯ ಮಾನಕಗಳಿವೆ. ಲೋಹದ ಮೈಯುಳ್ಳ ಯಂತ್ರಕ್ಕೆ ಭೂಸಂಪರ್ಕವುಳ್ಳ ಮೂರು ಪಿನ್ನಿನ ಪ್ಲಗ್ ಇದೆಯೆ, ಬೀಜದ ಬಟ್ಟಲನ್ನು ತೆಗೆದಾಗ ಮೋಟಾರು ತಾನೇ ನಿಲ್ಲುತ್ತದೆಯೆ ಎಂಬುದನ್ನು ವರ್ತಕರೇ ನೋಡಬಹುದು. ಕಡ್ಡಾಯ ಗುಣಮಟ್ಟ ನಿಯಂತ್ರಣ ಆದೇಶಗಳ ವ್ಯಾಪ್ತಿ ಕಾಲಕಾಲಕ್ಕೆ ವಿಸ್ತರಣೆಯಾಗುವುದರಿಂದ, ಆಮದು ಇಲ್ಲವೆ ತಯಾರಿಕೆಗೆ ಹಣ ತೊಡಗಿಸುವ ಮುನ್ನ ಭಾರತೀಯ ಮಾನಕ ಬ್ಯೂರೋದ ಶಾಖಾ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಪೆಟ್ಟಿಗೆಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ಗರಿಷ್ಠ ಮಾರಾಟ ಬೆಲೆ, ಆಮದಾಗಿದ್ದರೆ ಮೂಲ ದೇಶ, ದೂರು ಸಲ್ಲಿಸುವ ಸಂಪರ್ಕ ವಿವರಗಳು ಇರಬೇಕೆಂದು 2011ರ ಪೊಟ್ಟಣ ಸರಕು ನಿಯಮಗಳು ವಿಧಿಸುತ್ತವೆ.

2020ರ ಜುಲೈನಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಉತ್ಪನ್ನ ಹೊಣೆಗಾರಿಕೆಯನ್ನು ಮಾರಾಟಗಾರರಿಗೂ ಅನ್ವಯಿಸಿದೆ. ದೋಷಯುಕ್ತ ಉತ್ಪನ್ನದಿಂದ ಹಾನಿಯಾದಾಗ, ತಯಾರಕರು ಕೊಡದ ಭರವಸೆಯನ್ನು ವರ್ತಕರು ತಾವಾಗಿ ಕೊಟ್ಟು ಯಂತ್ರ ಅದರಂತೆ ನಡೆಯದೆ ಹೋಗಿದ್ದರೆ, ಅಥವಾ ತಯಾರಕರು ಯಾರೆಂದೇ ಗೊತ್ತಾಗದಿದ್ದರೆ, ಹೊಣೆ ವರ್ತಕರ ಮೇಲೆ ಬರಬಹುದು. ಹೆಸರಿಲ್ಲದ ಅಗ್ಗದ ಸರಕಿನ ನಿಜವಾದ ಬೆಲೆ ಇಲ್ಲಿ ತಿಳಿಯುತ್ತದೆ.

ಮನೆಬಳಕೆಯ ಗ್ರೈಂಡರುಗಳು ಅಲ್ಪಾವಧಿ ಓಟಕ್ಕೆ ರೂಪಿತವಾದವು. ಅವನ್ನು ದರ್ಶಿನಿಗೋ ಸಣ್ಣ ಕೆಫೆಗೋ ಮಾರಿದರೆ ಮೋಟಾರು ಸುಟ್ಟುಹೋಗುವುದೂ ವಾರಂಟಿ ರದ್ದಾಗುವುದೂ ಸಾಧ್ಯ. ಬಿಲ್ಲೆ, ಹಲ್ಲುಚಕ್ರ, ಕಾರ್ಬನ್ ಬ್ರಷ್, ಸ್ವಿಚ್ಚುಗಳು ಬಿಡಿಯಾಗಿ ದೊರೆಯುತ್ತವೆಯೆ ಎಂಬುದನ್ನು ದಾಸ್ತಾನಿಗೆ ಮುನ್ನವೇ ಲಿಖಿತವಾಗಿ ಪಡೆಯಬೇಕು. ಅಮೆರಿಕದ ಬರಾಟ್ಜಾ ಸಂಸ್ಥೆ ಹೆಸರು ಗಳಿಸಿದ್ದರಲ್ಲಿ, ಬಿಡಿಭಾಗಗಳನ್ನು ಮಾರಿ ಮನೆಯಲ್ಲೇ ದುರಸ್ತಿ ಮಾಡಿಕೊಳ್ಳಲು ನೆರವಾಗುವ ಪದ್ಧತಿಯ ಪಾಲು ದೊಡ್ಡದು.

ಯಾರಿಗೆ ಬೇಡ, ಯಾರಿಗೆ ಅವಕಾಶ

ಎಲ್ಲ ಮನೆಗೂ ಗ್ರೈಂಡರ್ ಬೇಕಿಲ್ಲ. ಹತ್ತಿರದ ಅಂಗಡಿಯಲ್ಲಿ ವಾರಕ್ಕೊಮ್ಮೆ ಕಾಲು ಕಿಲೋ ಪುಡಿ ಬೀಸಿಸಿಕೊಂಡು, ಚಿಕೋರಿ ಬೆರೆಸಿದ ಫಿಲ್ಟರ್ ಕಾಫಿಯನ್ನಷ್ಟೇ ಕುಡಿಯುವ ಮನೆಗೆ, ಆ ಅಂಗಡಿಯ ದೊಡ್ಡ ಗಿರಣಿಯೇ ಅಗ್ಗದ ಬ್ಲೇಡ್ ಯಂತ್ರಕ್ಕಿಂತ ಮೇಲು. ದಿನಕ್ಕೆ ಒಂದೇ ಲೋಟ ಇಳಿಸುವವರಿಗೆ ಉತ್ತಮ ಬಿಲ್ಲೆಯ ಕೈಗಿರಣಿ ಸಾಕಾಗಬಹುದು. ಮೋಟಾರಿಗೆ ಕೊಡುವ ಹಣ ಅಲ್ಲಿ ಬಿಲ್ಲೆಗೆ ಹೋಗುತ್ತದೆ. ಬೇರೆಬೇರೆ ತೋಟದ ಬೀಜಗಳನ್ನು ಕೊಳ್ಳುವವರಿಗೆ, ಎರಡು ಮೂರು ಬಗೆಯ ಪಾತ್ರೆ ಬಳಸುವವರಿಗೆ, ಅಂಗಡಿ ದೂರವಿರುವ ಊರಿನವರಿಗೆ ವಿದ್ಯುತ್ ಬರ್ ಗ್ರೈಂಡರ್ ನಿಜವಾಗಿ ಉಪಯುಕ್ತ.

ತಯಾರಕರ ಪಾಲಿಗೆ ಕೊಯಮತ್ತೂರಿನ ವೆಟ್ ಗ್ರೈಂಡರ್ ಒಳ್ಳೆಯ ಪಾಠ. ದೋಸೆ, ಇಡ್ಲಿಯ ಹಿಟ್ಟು ಎಂಬ ಸ್ಥಳೀಯ ಅಗತ್ಯಕ್ಕೆಂದೇ ಬೆಳೆದ ಆ ಯಂತ್ರ ಭೌಗೋಳಿಕ ಸೂಚಿಯ ಮಾನ್ಯತೆಯನ್ನೂ ಗಳಿಸಿತು. ಹೊರದೇಶಗಳ ಕಾಫಿ ಗ್ರೈಂಡರುಗಳು ಬಹುಮಟ್ಟಿಗೆ ಎಸ್ಪ್ರೆಸೊ ಅಥವಾ ಕಾಗದದ ಫಿಲ್ಟರನ್ನು ಗಮನದಲ್ಲಿಟ್ಟು ರೂಪುಗೊಂಡಿವೆ. ಈ ಎರಡರ ನಡುವೆ ಇರುವ ದಕ್ಷಿಣ ಭಾರತದ ಫಿಲ್ಟರಿನ ಹದವನ್ನೇ ಗುರಿಯಾಗಿಟ್ಟು, ಹೊಂದಾಣಿಕೆಯ ಹಂತಗಳನ್ನು ಅದೊಂದೇ ವ್ಯಾಪ್ತಿಯಲ್ಲಿ ದಟ್ಟವಾಗಿ ಇಟ್ಟು, ಬಿಡಿಭಾಗಗಳನ್ನು ಊರಿನಲ್ಲೇ ಒದಗಿಸುವ ಸರಳ ಯಂತ್ರಕ್ಕೆ ಕಾಫಿಯ ನಾಡಿನಲ್ಲಿ ಜಾಗವಿದೆ. ಅಂಥ ಯಂತ್ರಕ್ಕೆ ಬೇಕಾದ ಯಂತ್ರಗೆಲಸ, ಉಕ್ಕು ಹದಗೊಳಿಸುವಿಕೆ, ಮೋಟಾರು ಸುತ್ತುವಿಕೆಗಳು ಇಲ್ಲಿನ ಸಣ್ಣ ಕೈಗಾರಿಕೆಗಳಿಗೆ ಅಪರಿಚಿತವಲ್ಲ.

ವರ್ತಕರ ಪರಿಶೀಲನಾ ಪಟ್ಟಿ

1. ಗ್ರಾಹಕರು ಕಾಫಿ ಇಳಿಸುವ ಪಾತ್ರೆ ಯಾವುದು? ದಿನಕ್ಕೆ ಎಷ್ಟು ಗ್ರಾಂ?
2. ಯಂತ್ರ ಬ್ಲೇಡಿನದೋ ಬರ್‌ನದೋ? ವ್ಯತ್ಯಾಸವನ್ನು ಗ್ರಾಹಕರಿಗೆ ತಿಳಿಸಲಾಗಿದೆಯೆ?
3. ಆ ಪಾತ್ರೆಗೆ ಬೇಕಾದ ವ್ಯಾಪ್ತಿಯಲ್ಲಿ ಹೊಂದಾಣಿಕೆಯ ಹಂತಗಳು ಎಷ್ಟು?
4. ಜರಡಿ ಪರೀಕ್ಷೆಯಲ್ಲಿ ನಡುವಿನ ಭಾಗ ಶೇಕಡ ಎಷ್ಟು?
5. ಬಿಲ್ಲೆಯನ್ನು ಬಿಚ್ಚಿ ಶುಚಿಮಾಡುವುದು ಮನೆಯವರಿಗೆ ಸುಲಭವೆ?
6. ಬಿಡಿಭಾಗ, ದುರಸ್ತಿ ಎಲ್ಲಿ, ಎಷ್ಟು ದಿನದಲ್ಲಿ?
7. ತಯಾರಕರ ವಿಳಾಸ, ಮಾನಕ, ವೋಲ್ಟೇಜ್, ಒಮ್ಮೆಗೆ ಓಡಿಸಬಹುದಾದ ಅವಧಿ ಸ್ಪಷ್ಟವಾಗಿ ನಮೂದಾಗಿವೆಯೆ?

ಈ ಏಳು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ಬೆಲೆಯ ಮಾತು ಆರಂಭವಾಗಲಿ. ಹಾಗೆ ಮಾರಿದ ಯಂತ್ರ ಅಂಗಡಿಗೆ ಹಿಂದಿರುಗುವುದು ವಿರಳ. ಕೊಂಡವರು ಮಾತ್ರ ಬೀಜಕ್ಕೋ, ಬಿಲ್ಲೆಗೋ, ಮತ್ತೊಬ್ಬ ಗ್ರಾಹಕರನ್ನು ಕರೆತರಲೋ ಹಿಂದಿರುಗಿ ಬರುತ್ತಾರೆ.